ಆಂಥ್ರೋಪಿಕ್

ಕೃತಕ ಬುದ್ಧಿಮತ್ತೆ ಎಷ್ಟೇ ಬಲಿತರೂ ಮನುಷ್ಯನಿಗೆ ಕೇಡಾಗದಂತೆ ಅದನ್ನು ಬೆಳೆಸುವುದೇ ತನ್ನ ಗುರಿ ಎಂದು ಸಾರಿಕೊಂಡಿರುವ ಅಮೆರಿಕದ ಕಂಪನಿ. ಓಪನ್ಎಐ ಬಿಟ್ಟು ಹೊರಬಂದ ಡಾರಿಯೊ ಅಮೊಡೈ, ಅವರ ಸೋದರಿ ಡ್ಯಾನಿಯೆಲಾ ಅಮೊಡೈ ಮತ್ತು ಸಹೋದ್ಯೋಗಿಗಳು 2021ರಲ್ಲಿ ಸ್ಥಾಪಿಸಿದರು. ಕೇಂದ್ರ ಕಚೇರಿ ಸ್ಯಾನ್ ಫ್ರಾನ್ಸಿಸ್ಕೊ. ಇದರ ಭಾಷಾ ಮಾದರಿ ‘ಕ್ಲಾಡ್’ 2023ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು.

ಕಂಪನಿಯ ವಿಧಾನಗಳಲ್ಲಿ ಹೆಚ್ಚು ಚರ್ಚೆಗೆ ಬಂದದ್ದು 2022ರಲ್ಲಿ ಪ್ರಕಟವಾದ ‘ಸಂವಿಧಾನ’ ಪದ್ಧತಿ. ಲಿಖಿತ ತತ್ತ್ವಗಳ ಒಂದು ಪಟ್ಟಿಯನ್ನು ಮಾದರಿಯ ಮುಂದಿಡಲಾಗುತ್ತದೆ. ಮಾದರಿ ತನ್ನ ಉತ್ತರವನ್ನು ತಾನೇ ಅದಕ್ಕೆ ಒರೆಹಚ್ಚಿ, ತಿದ್ದಿ, ಆ ತಿದ್ದುಪಡಿಯಿಂದಲೇ ಮುಂದಿನ ತರಬೇತಿ ಪಡೆಯುತ್ತದೆ. 2023ರಲ್ಲಿ, ಮಾದರಿಯ ಸಾಮರ್ಥ್ಯ ಏರಿದಂತೆ ಕಾವಲೂ ಬಿಗಿಯಾಗಬೇಕೆಂಬ ನೀತಿಯನ್ನು ಕಂಪನಿ ತಂದಿತು. 2025ರ ಮೇ ತಿಂಗಳಲ್ಲಿ ಕ್ಲಾಡ್ ಓಪಸ್ 4 ಹೊರಬಂದಾಗ ಕಂಪನಿ ಒಂದು ಪರೀಕ್ಷೆಯ ಫಲಿತಾಂಶವನ್ನೂ ಪ್ರಕಟಿಸಿತು: ಕಲ್ಪಿತ ಕಚೇರಿಯೊಂದರ ಸನ್ನಿವೇಶದಲ್ಲಿ, ತನ್ನನ್ನು ಬದಲಿಸಲಿದ್ದಾರೆಂದು ತಿಳಿದ ಮಾದರಿ ಎಂಜಿನಿಯರ್‌ನ ಗುಟ್ಟು ಹಿಡಿದು ಅವನನ್ನೇ ಬೆದರಿಸಲು ನೋಡಿತ್ತು. ಇಂಥದ್ದನ್ನು ಮುಚ್ಚಿಡದಿರುವುದು ಈ ಕ್ಷೇತ್ರಕ್ಕೆ ಬೇಕಾದ ನಡವಳಿಕೆ. ಆದರೆ ಅಪಾಯದ ಎಚ್ಚರಿಕೆ ಕೊಡುವವರೇ ಪೈಪೋಟಿಯ ವೇಗವನ್ನೂ ಹೆಚ್ಚಿಸುತ್ತಿದ್ದಾರೆ ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಇದಲ್ಲದೆ, ಕಳವು ಪ್ರತಿಗಳ ತಾಣಗಳಿಂದ ಪುಸ್ತಕಗಳನ್ನು ಇಳಿಸಿಕೊಂಡ ವ್ಯಾಜ್ಯದಲ್ಲಿ ಲೇಖಕರಿಗೆ 150 ಕೋಟಿ ಡಾಲರ್ ಕೊಡಲು ಕಂಪನಿ 2025ರಲ್ಲಿ ಒಪ್ಪಿತು.

ಕರ್ನಾಟಕದ ನಂಟು ಈಚಿನದು. ಬೆಂಗಳೂರಿನ ಪಿಇಎಸ್ ತಾಂತ್ರಿಕ ವಿದ್ಯಾಲಯದಲ್ಲಿ ಓದಿದ ರಾಹುಲ್ ಪಾಟೀಲ್ 2025ರಲ್ಲಿ ಮುಖ್ಯ ತಂತ್ರಜ್ಞಾನ ಅಧಿಕಾರಿಯಾದರು. 2026ರ ಫೆಬ್ರವರಿಯಲ್ಲಿ ಬೆಂಗಳೂರು ಕಚೇರಿ ತೆರೆಯಿತು. ಏಷ್ಯಾ-ಪೆಸಿಫಿಕ್ ವಲಯದಲ್ಲಿ ಟೋಕಿಯೊ ನಂತರ ಇದೇ ಎರಡನೆಯದು. ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳ ತರಬೇತಿ ದತ್ತಾಂಶವನ್ನು ಸುಧಾರಿಸುತ್ತಿರುವುದಾಗಿ ಕಂಪನಿ ಆಗ ತಿಳಿಸಿತು. ಕೃಷಿ, ಕಾನೂನಿನಂಥ ಸ್ಥಳೀಯ ವಿಷಯಗಳಲ್ಲಿ ಮಾದರಿಯನ್ನು ಅಳೆಯಲು ಬೆಂಗಳೂರಿನ ‘ಕಾರ್ಯ’ ಸಂಸ್ಥೆಯೂ ಕೈಜೋಡಿಸಿದೆ.

ಈ ಅಳತೆ ಬರೀ ಭಾಷಾಭಿಮಾನದ ಮಾತಲ್ಲ. ಇಂಗ್ಲಿಷಿನಲ್ಲಿ ನಿರಾಕರಿಸುವ ಅಪಾಯಕಾರಿ ಕೋರಿಕೆಯನ್ನು ಜುಲು ಮುಂತಾದ ಭಾಷೆಗಳಿಗೆ ಅನುವಾದಿಸಿ ಕೇಳಿದರೆ ಓಪನ್ಎಐನ ಜಿಪಿಟಿ-4 ಬಹುಪಾಲು ಉತ್ತರಿಸಿಬಿಡುತ್ತಿತ್ತೆಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತೋರಿಸಿದರು. ಅಂತರ್ಜಾಲದಲ್ಲಿ ಬರಹ ಕಡಿಮೆಯಿರುವ ಭಾಷೆಯಲ್ಲಿ ಕಾವಲೂ ಸಡಿಲವಾಗಬಹುದು. ಉತ್ತರದ ನಿಖರತೆಯ ಪ್ರಶ್ನೆಯೂ ಇದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಕಬ್ಬಿನ ನಾಡು. “ಕಬ್ಬಿಗೆ ಗೊಣ್ಣೆಹುಳ ಬಿದ್ದೈತಿ, ಎಕರೆಕ ಎಷ್ಟ್ ಔಷಧ ಹಾಕಬೇಕು?” ಎಂದು ಅಲ್ಲಿನ ರೈತ ಮೊಬೈಲಿಗೆ ಕೇಳಿದಾಗ ಪ್ರಮಾಣ ತಪ್ಪಿದರೆ ಹಾಳಾಗುವುದು ಬೆಳೆ, ಮಣ್ಣು, ಕೆಲವೊಮ್ಮೆ ಜೀವ. ಬೆಂಗಳೂರಿನ ಗ್ರಾಂಥಿಕ ಕನ್ನಡದಲ್ಲಿ ಪಾಸಾದ ಮಾದರಿ ಮುಧೋಳದ ಮಾತಿಗೂ ಪಾಸಾಗುತ್ತದೆಂದು ಊಹಿಸಲು ಆಧಾರವಿಲ್ಲ. ಸುರಕ್ಷತೆಯನ್ನೇ ಹೆಸರಾಗಿಸಿಕೊಂಡ ಯಾವುದೇ ಕಂಪನಿ ತನ್ನ ಪರೀಕ್ಷೆಯ ಫಲಿತಾಂಶಗಳನ್ನು ಕನ್ನಡಕ್ಕೂ, ಅದರ ಪ್ರಾದೇಶಿಕ ರೂಪಗಳಿಗೂ ಪ್ರತ್ಯೇಕವಾಗಿ ಪ್ರಕಟಿಸಬೇಕು.