ಆರು ಚೌಕಗಳ ನಕ್ಷತ್ರ: ಡಂಬಳದ ದೊಡ್ಡಬಸಪ್ಪ ಗುಡಿ ಮತ್ತು ನೋಡ್ ಸ್ಕ್ರಿಪ್ಟ್

ದೊಡ್ಡಬಸಪ್ಪ ದೇವಾಲಯವಿರುವ ಡಂಬಳ ಮುಂಡರಗಿ ತಾಲ್ಲೂಕಿನ ಊರು. ಕಲ್ಯಾಣ ಚಾಲುಕ್ಯ ಶೈಲಿಯ, 12ನೇ ಶತಮಾನದ ಈ ಗುಡಿಯ ವಿಮಾನಕ್ಕೆ 24 ಮೂಲೆಗಳ ನಕ್ಷತ್ರವೇ ತಳವಿನ್ಯಾಸ. ನಡುವೆ ಎಲ್ಲೂ ಭದ್ರದ, ಅಂದರೆ ಗೋಡೆಯ ನಡುಭಾಗದ ಮುಂಚಾಚಿನ, ತಡೆಯಿಲ್ಲದೆ ಒಂದೇ ಬಗೆಯ ಮೂಲೆಗಳು ಸುತ್ತುವರಿಯುತ್ತವೆ. ಬಳಪದ ಕಲ್ಲಿನಲ್ಲಿ ಅವುಗಳ ಅಂಚು ಚೂಪಾಗಿ ಮೂಡಿದೆ. ವರ್ಚುವಲ್ ಲೋಕದಲ್ಲಿ ಇಂಥ ಗುಡಿ ಕಟ್ಟುವಾಗ ಮೇಲ್ಮೈಯ ಸ್ಕ್ಯಾನ್ ಸಾಲದು. ಆ ರೂಪವನ್ನು ಹುಟ್ಟಿಸಿದ ನಿಯಮವೇ ಸ್ಕ್ರಿಪ್ಟಿಗೆ ಇಳಿಯಬೇಕು ಎಂಬುದು ನನ್ನ ವಾದ.

ಅದಕ್ಕೆ ತಕ್ಕ ಸಲಕರಣೆ ಈಗ ಕೈಗೆಟುಕುವಂತಿದೆ. ಉಚಿತ ತಂತ್ರಾಂಶವಾದ ಬ್ಲೆಂಡರ್‌ಗೆ 2021ರ ಫೆಬ್ರುವರಿಯಲ್ಲಿ, 2.92ನೇ ಆವೃತ್ತಿಯೊಂದಿಗೆ, ಜಿಯಾಮೆಟ್ರಿ ನೋಡ್ಸ್ ಸೇರಿತು. ಇಲ್ಲಿ ಕೋಡ್ ಬರೆಯುವ ಮಾತಿಲ್ಲ. ಒಂದೊಂದು ಕೆಲಸದ ನೋಡ್‌ಗಳನ್ನು ಪರದೆಯ ಮೇಲೆ ಎಳೆ ಎಳೆದು ಜೋಡಿಸಿದರಾಯಿತು.

ನಕ್ಷತ್ರ ಬಿಡಿಸಲೆಂದೇ ಅದರಲ್ಲಿ ಸ್ಟಾರ್ ಎಂಬ ನೋಡ್ ಇದೆ. 24 ಎಂದು ತುಂಬಿ, ಒಳ-ಹೊರ ತ್ರಿಜ್ಯಗಳನ್ನು ಕಣ್ಣಂದಾಜಿನಲ್ಲಿ ಕೊಟ್ಟರೆ ನಕ್ಷತ್ರವೇನೋ ಮೂಡುತ್ತದೆ, ಡಂಬಳ ಮೂಡುವುದಿಲ್ಲ. ಈ ವಿನ್ಯಾಸದ ಆದರ್ಶ ರೇಖೆ ಒಂದೇ ಕೇಂದ್ರದ ಸುತ್ತ 15 ಡಿಗ್ರಿಯಂತೆ ತಿರುಗಿಸಿದ ಆರು ಚೌಕಗಳದು; ಹಾಗಾಗಿ ಹೊರಮೂಲೆ ಪ್ರತಿಯೊಂದೂ ಲಂಬಕೋನ. ಲೆಕ್ಕ ಹಾಕಿದರೆ ಒಳತ್ರಿಜ್ಯ ಹೊರತ್ರಿಜ್ಯದ 0.891ರಷ್ಟು ಬರುತ್ತದೆ. ಚೌಕಗಳನ್ನೇ ತಿರುಗಿಸಿ ಬೆಸೆಯುವ ಸ್ಕ್ರಿಪ್ಟಿಗೆ ಈ ಸಂಖ್ಯೆಯನ್ನು ಹೇಳಿಕೊಡಬೇಕಾಗಿಯೇ ಇಲ್ಲ.

ಹೆಚ್ಚು ಮಹತ್ವದ ಸಂಗತಿ ಅಧಿಷ್ಠಾನದ ಪಟ್ಟಿಕೆಗಳಲ್ಲಿದೆ. ಪಟ್ಟಿಕೆ ಗೋಡೆಯಿಂದ ಎಲ್ಲ ಕಡೆಯೂ ಸಮನಾಗಿ ಮುಂಚಾಚಬೇಕು. ಈ ನಕ್ಷತ್ರದ 48 ಅಂಚುಗಳೂ ಚೌಕಗಳ ಬದಿಗಳ ಮೇಲೆಯೇ ಇರುವುದರಿಂದ ಅವುಗಳ ರೇಖೆಗಳೆಲ್ಲ ಕೇಂದ್ರದಿಂದ ಸಮದೂರದಲ್ಲಿವೆ. ಆದ್ದರಿಂದ ಇಡೀ ಆಕೃತಿಯನ್ನು ಸ್ಕೇಲ್ ಮಾಡಿದರೂ ಪ್ರತಿ ಅಂಚು ಸಮನಾಗಿಯೇ ಸರಿಯುತ್ತದೆ. ಒಂದೇ ಸ್ಕೇಲ್ ನೋಡ್ ಪಟ್ಟಿಕೆಗೂ ಆಗುತ್ತದೆ, ಮೇಲೇರುತ್ತ ಕಿರಿದಾಗುವ ತಲಗಳಿಗೂ ಆಗುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರದಂಥ ಮೆಟ್ಟಿಲುಗಟ್ಟಿದ ವಿನ್ಯಾಸದಲ್ಲಿ ಇದು ನಡೆಯದು. ಅಲ್ಲಿ ಭದ್ರದ ಮುಖ ಕೇಂದ್ರದಿಂದ ದೂರ, ಕರ್ಣದ (ಮೂಲೆಯ ಭಾಗದ) ಮುಖ ಅದಕ್ಕಿಂತ ಹತ್ತಿರ. 3 ಮೀಟರ್ ದೂರದ ಮುಖ 10 ಶೇಕಡಾ ಹಿಗ್ಗಿದರೆ 30 ಸೆಂಟಿಮೀಟರ್ ಮುಂದೆ ಬರುತ್ತದೆ, 2.4 ಮೀಟರಿನದು 24 ಮಾತ್ರ. ಅಲ್ಲಿ ಅಂಚುಗಳನ್ನು ಸಮದೂರಕ್ಕೆ ಸರಿಸುವ ಬೇರೆಯೇ ನೋಡ್-ಗುಂಪು ಬೇಕು. ಎರಡು ಗುಡಿಗಳ ವ್ಯತ್ಯಾಸ ಸ್ಕ್ಯಾನಿನಲ್ಲಿ ಕಣ್ಣಿಗೆ ಬಿದ್ದೀತು, ಆದರೆ ಅದರ ಕಾರಣ ತಿಳಿಯುವುದು ಸ್ಕ್ರಿಪ್ಟ್ ಕಟ್ಟುವಾಗಲೇ.

ಕರ್ನಾಟ ದ್ರಾವಿಡ ಪರಂಪರೆಯನ್ನು ಕುರಿತ 1995ರ ಗ್ರಂಥದಲ್ಲಿ ಆಡಂ ಹಾರ್ಡಿ, ಗುಡಿಯೆಂದರೆ ಒಂದರೊಳಗಿಂದೊಂದು ಹೊಮ್ಮುವ ಕಿರುಗುಡಿಗಳ ಸಮೂಹವೆಂದು ವಿವರಿಸಿದ್ದಾರೆ. ಪುನರಾವರ್ತನೆಯ ನೋಡ್‌ಗಳಿಗೆ ಒಗ್ಗುವ ವಿವರಣೆ ಇದು.

ಡಂಬಳದ ನಕ್ಷತ್ರದ ಮುಂಭಾಗದ ಕೆಲವು ಮೂಲೆಗಳನ್ನು ಅಂತರಾಳ, ಅಂದರೆ ಗರ್ಭಗುಡಿಯ ಮುಂದಿನ ಕಿರುಕೋಣೆ, ನುಂಗಿದೆ. ಅವುಗಳನ್ನು ಮೊದಲೇ ಕೈಬಿಟ್ಟು ಕಟ್ಟುವುದು ತಪ್ಪು ಎಂದು ನನ್ನ ಅಭಿಪ್ರಾಯ. 24 ಮೂಲೆಗಳನ್ನೂ ಮೂಡಿಸಿ, ಅಂತರಾಳದ ಘನಾಕೃತಿಯಿಂದ ಆಮೇಲೆ ಕತ್ತರಿಸಬೇಕು. ಅಂತರಾಳದ ಅಳತೆ ನಾಳೆ ತಿದ್ದುಪಡಿಯಾದರೂ ಆಗ ನಕ್ಷತ್ರವನ್ನು ಮುಟ್ಟಬೇಕಾಗುವುದಿಲ್ಲ.