ಮೊದಲಕ್ಷರಗಳಲ್ಲಿ ಅಡಗಿದ ಊರುಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳ ನಡುವೆ ಸಾಗುವ ಬೈಕ್ ಸವಾರರಿಗೆ ಒಗಟಾಗಿ ಎದುರಾಗುವ ಫಲಕಗಳಲ್ಲಿ ಬರಿಯ ಮೊದಲಕ್ಷರಗಳಿಂದಾದ ಹೆಸರುಗಳಿಗೆ ವಿಶೇಷ ಸ್ಥಾನವಿದೆ. ತಿಪಟೂರು ಪೇಟೆಯ ಬಿ.ಎಚ್. ರಸ್ತೆ ಇದಕ್ಕೆ ಮೊದಲ ಸಾಕ್ಷಿ. ತುಮಕೂರು, ಅರಸೀಕೆರೆ, ಭದ್ರಾವತಿ, ಶಿವಮೊಗ್ಗಗಳಲ್ಲೂ ಇದೇ ಹೆಸರಿನ ರಸ್ತೆ ಇರುವುದರಿಂದ, ಅದೊಂದನ್ನೇ ಓದಿದವರಿಗೆ ತಾವಿರುವ ಊರು ಯಾವುದೆಂದು ತಿಳಿಯುವುದಿಲ್ಲ. ‘ಬಿ’ ಎಂದರೆ ಬೆಂಗಳೂರು, ‘ಎಚ್’ ಎಂದರೆ ಶರಾವತಿ ಕಡಲನ್ನು ಸೇರುವೆಡೆಯ ಬಂದರು ಹೊನ್ನಾವರ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಹೊನ್ನಾವರದ ತುದಿ ಮೈಸೂರಿನ ಆಡಳಿತಕ್ಕೆ ಹೊರತಾಗಿಯೇ ಇತ್ತು. ಹಂಚಿಹೋಗಿದ್ದ ಕನ್ನಡ ನಾಡನ್ನು ಒಂದೇ ದಾರಿಯ ಹೆಸರಿನಲ್ಲಿ ಹಿಡಿದಿಟ್ಟ ಈ ಎರಡಕ್ಷರಗಳನ್ನು ಹಗುರಾಗಿ ಕಾಣಲಾಗದು.

ತಿಪಟೂರಿನಿಂದ ಮೂಡಣಕ್ಕಿರುವ ಕೆ.ಬಿ. ಕ್ರಾಸ್ ಇನ್ನೂ ಸೋಜಿಗದ್ದು. ಯಾರೋ ಹಿರಿಯರ ಹೆಸರೆಂದು ಹೊಸಬರು ಬಗೆಯಬಹುದಾದ ಅದು ಕಿಬ್ಬನಹಳ್ಳಿ ಎಂಬ ಒಂದೇ ಪದವನ್ನು ಇಂಗ್ಲಿಷ್ ಕಾಗುಣಿತ ಹಿಡಿದು ಸೀಳಿದ ರೂಪ. ಕ್ರಾಸ್ ಎಂದರೆ ಇಲ್ಲಿ ಕೂಡುದಾರಿ: ಬಡಗಣಕ್ಕೆ ಚಿಕ್ಕನಾಯಕನಹಳ್ಳಿ ಮತ್ತು ಹುಳಿಯಾರು, ತೆಂಕಣಕ್ಕೆ ತುರುವೇಕೆರೆ, ಪಡುವಣಕ್ಕೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ. ದಾರಿ ಕವಲೊಡೆಯುವ ಜಾಗವೇ ಹೀಗೆ ಊರಾಗುವುದು ಹಳೆಯ ರೂಢಿ. ಅಂಥ ಕವಲಿನಲ್ಲಿ ನಿಲ್ಲುವ ಕೈಮರವೆಂದರೆ ದಿಕ್ಕು ತೋರುವ ಕೈಯಂಥ ಹಲಗೆಯುಳ್ಳ ಕಂಬ. ಚಿಕ್ಕಮಗಳೂರಿನ ಬಳಿಯ ಕೈಮರ, ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಎರಡರಲ್ಲೂ ಫಲಕದ ಹೆಸರೇ ಸ್ಥಳನಾಮವಾಗಿದೆ.

ಚಿಕ್ಕನಾಯಕನಹಳ್ಳಿಯ ಹೆಸರು ಹಾಗಲವಾಡಿ ಪಾಳೆಯಗಾರರ, ಅಂದರೆ ಸೀಮೆಯೊಂದನ್ನು ಆಳುತ್ತಿದ್ದ ಸ್ಥಳೀಯ ನಾಯಕರ, ಮನೆತನದ ಚಿಕ್ಕನಾಯಕನಿಂದ ಬಂದದ್ದು. ಅದು ಚಿ.ನಾ. ಹಳ್ಳಿ, ಸಿ.ಎನ್. ಹಳ್ಳಿ ಎಂದು ಮೊಟಕಾದಾಗ ‘ಹಳ್ಳಿ’ ಮಾತ್ರ ಇಡಿಯಾಗಿ ಉಳಿದು, ಊರಿಗೆ ಹೆಸರು ಕೊಟ್ಟ ನಾಯಕನೇ ಚುಕ್ಕಿಗಳ ಹಿಂದೆ ಮರೆಯಾದದ್ದು ಸಣ್ಣ ನಷ್ಟವಲ್ಲ.

ಸಂಖ್ಯೆಗಳೂ ಗೊಂದಲಕ್ಕೆ ಹೊರತಲ್ಲ. ತುಮಕೂರು–ಹೊನ್ನಾವರ ರಾಷ್ಟ್ರೀಯ ಹೆದ್ದಾರಿ 206 ಎಂದಿದ್ದುದು 2010ರ ಮರುಸಂಖ್ಯೆಯಲ್ಲಿ ಎರಡಾಗಿ, ತಿಪಟೂರಿನ ಭಾಗಕ್ಕೆ 73 ಬಂತು. ಹಳದಿ ತಲೆಯ ಕಿಲೋಮೀಟರ್ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು ಎಂಬ ಗುರುತು ಮಾತ್ರ ಬದಲಾಗಲಿಲ್ಲ. 2014ರ ನವೆಂಬರ್ 1ರಿಂದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ಹೊಂದಿಕೊಂಡು ‘ತುಮ್ಕೂರ್’ ತುಮಕೂರಾಯಿತಾದರೂ, ಆ ಪಟ್ಟಿಯಲ್ಲಿಲ್ಲದ ತಿಪಟೂರು ಇಂಗ್ಲಿಷ್ ಬರಹದಲ್ಲಿ ‘ಪ’ಕಾರದ ಸ್ವರವನ್ನು ಕಳೆದುಕೊಂಡು ‘ತಿಪ್ಟೂರ್’ ಆಗಿಯೇ ಉಳಿಯಿತು.