ಬಿಡುವವನ ಧರ್ಮ, ಬಿಡಿಸುವವನ ಧರ್ಮ

ಮಗನಿಗೆ ಉದ್ಯೋಗ ದೊರೆತ ದಿನ ಮನೆಯಲ್ಲಿ ಸಿಹಿ ಹಂಚುತ್ತೇವೆ. ನೇಮಕಪತ್ರದ ಕೊನೆಯ ಪುಟಗಳನ್ನು ಅಂದು ಯಾರೂ ಓದುವುದಿಲ್ಲ. ಕೆಲವು ವರ್ಷಗಳ ತರುವಾಯ ಬೇರೊಂದು ಕಡೆ ಹೆಚ್ಚಿನ ಅವಕಾಶ ದೊರೆತಾಗ ಆ ಪುಟಗಳು ಕಪಾಟಿನಿಂದ ಹೊರಬರುತ್ತವೆ. ಮೂರು ತಿಂಗಳು ಮುಂಚಿತವಾಗಿ ನೋಟಿಸು ಕೊಡತಕ್ಕದ್ದು; ಬಿಟ್ಟ ಮೇಲೆ ಒಂದು ವರ್ಷ ಇದೇ ಬಗೆಯ ವ್ಯವಹಾರ ನಡೆಸುವ ಯಾವ ಸಂಸ್ಥೆಯನ್ನೂ ಸೇರಕೂಡದು. ಪರಿಚಿತರೊಬ್ಬರು ಇಂತಹ ಪತ್ರವೊಂದನ್ನು ನನ್ನ ಮುಂದಿಟ್ಟು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: “ಹುಡುಗ ಸಹಿ ಹಾಕಿದ್ದಾನೆ. ಈಗ ಮುರಿದರೆ ಆಡಿದ ಮಾತು ಸುಳ್ಳಾಗುವುದಿಲ್ಲವೆ? ಮುರಿಯದಿದ್ದರೆ ಒಂದು ವರ್ಷ ಅವನು ಉಣ್ಣುವುದೇನನ್ನು?”

ಪ್ರಶ್ನೆ ಹೊಸದಲ್ಲ. ಕೆಲಸ ಕೊಡುವವನು ಮತ್ತು ಮಾಡುವವನು ಎಂಬ ಭೇದ ಹುಟ್ಟಿದಂದಿನಿಂದಲೂ ಅದು ಇದೆ. ಹಿಂದಿನವರು ಇದನ್ನು ಹೇಗೆ ಬಗೆಹರಿಸಿದರೆಂಬುದನ್ನು ಅರಿತರೆ ನಮ್ಮ ದಾರಿ ತಕ್ಕಮಟ್ಟಿಗೆ ನಿಚ್ಚಳವಾದೀತು.

ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿತ್ತು. ಅವನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯಲ್ಲಿ ವೇತನದ ವ್ಯವಹಾರಕ್ಕೆಂದೇ ಒಂದು ಪ್ರಕರಣವಿದೆ. ಕೂಲಿಯನ್ನು ಪಡೆದ ಮೇಲೆ ಕೆಲಸ ತೊರೆದವನು ಅದರ ಎರಡರಷ್ಟನ್ನು ಕೊಡಬೇಕು. ಪಡೆಯದೆ ತೊರೆದರೆ ಕೂಲಿಯಷ್ಟನ್ನು ಕೊಡಬೇಕು. ಹೊರೆ ಸಾಗಿಸುವವನು ಹೊರಡುವ ವೇಳೆಗೆ ಹಿಂಜರಿದರೆ ಕೂಲಿಯ ಏಳನೆಯ ಒಂದು ಭಾಗ, ದಾರಿ ಹಿಡಿದ ಮೇಲೆ ಬಿಟ್ಟರೆ ನಾಲ್ಕನೆಯ ಒಂದು ಭಾಗ, ಅರ್ಧ ದಾರಿಯಲ್ಲಿ ಕೈಬಿಟ್ಟರೆ ಪೂರ್ತಿ ಕೂಲಿಯನ್ನು ತೆರಬೇಕು. ಇಷ್ಟೇ ಆಗಿದ್ದರೆ ಇದು ಒಡೆಯನ ಪರವಾದ ಕಟ್ಟಳೆ ಎನ್ನಬಹುದಿತ್ತು. ಆದರೆ ಸ್ಮೃತಿಯು ಅಲ್ಲಿಗೆ ನಿಲ್ಲದೆ, ಕೆಲಸ ಬಿಡಿಸುವ ಒಡೆಯನೂ ಹಾಗೆಯೇ ತೆರಬೇಕು ಎಂದು ವಿಧಿಸುತ್ತದೆ. ನಡುದಾರಿಯಲ್ಲಿ ಕೈಬಿಡುವುದು ಯಾರು ಮಾಡಿದರೂ ತಪ್ಪೇ. ಇಂದಿನ ನೋಟಿಸಿನ ಅವಧಿಯಲ್ಲಿ ಅಡಗಿರುವ ನ್ಯಾಯವೂ ಇದೇ: ಎದುರಿನವನು ಬೇರೆ ಏರ್ಪಾಟು ಮಾಡಿಕೊಳ್ಳುವಷ್ಟು ಕಾಲವನ್ನು ಅವನಿಗೆ ಕೊಡಬೇಕು.

ಈ ಸಮತೂಕವು ಬ್ರಿಟಿಷರ ಆಡಳಿತದಲ್ಲಿ ಕೆಟ್ಟಿತು. 1859ರ 13ನೆಯ ಕಾಯ್ದೆಯು, ಮುಂಗಡ ಪಡೆದು ಕೆಲಸ ಬಿಟ್ಟ ಕಾರ್ಮಿಕನನ್ನು ಮ್ಯಾಜಿಸ್ಟ್ರೇಟರ ಮುಂದೆ ಎಳೆದು ತರುವ ಅಧಿಕಾರವನ್ನು ಧಣಿಗೆ ಕೊಟ್ಟಿತು. ಮುಂಗಡವನ್ನು ಹಿಂದಿರುಗಿಸು, ಇಲ್ಲವೆ ಕೆಲಸ ಮುಗಿಸು ಎಂಬ ಆಜ್ಞೆಗೆ ತಪ್ಪಿದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ ವಿಧಿಸಬಹುದಾಗಿತ್ತು. ಮಾತಿಗೆ ತಪ್ಪಿದ ಧಣಿಗಾದರೋ ಆ ಕಾಯ್ದೆಯಲ್ಲಿ ಸೆರೆಮನೆಯ ಮಾತೇ ಇರಲಿಲ್ಲ. ಕೊಡಗಿನ ಕಾಫಿ ತೋಟಗಳಲ್ಲಿಯೂ ಈ ಕಾಯ್ದೆಯ ಬಳಕೆಯಿತ್ತು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬ ಸದ್ಗುಣವನ್ನೇ ಸಂಕೋಲೆಯನ್ನಾಗಿ ಬಡವನ ಕಾಲಿಗೆ ತೊಡಿಸಿದ ಈ ಶಾಸನವು 1925ರಲ್ಲಿ ರದ್ದಾಯಿತು.

ಕೆಲಸ ಬಿಟ್ಟ ನಂತರದ ನಿರ್ಬಂಧದ ಕಥೆ ಬೇರೆಯದು. ಅದರ ಆರಂಭವನ್ನು ಇಂಗ್ಲೆಂಡಿನಲ್ಲಿ ಕಾಣಬೇಕು. 1414ರಲ್ಲಿ ಜಾನ್ ಡೈಯರ್ ಎಂಬ ಬಣ್ಣಗಾರನು ಆರು ತಿಂಗಳು ಅದೇ ಊರಿನಲ್ಲಿ ತನ್ನ ಕಸುಬನ್ನು ಮಾಡುವುದಿಲ್ಲವೆಂದು ಬರೆದುಕೊಟ್ಟಿದ್ದನು. ಆ ಪತ್ರದ ಬಲದಿಂದ ದಾವೆ ಬಂದಾಗ ನ್ಯಾಯಾಧೀಶ ಹಲ್ ಎಂಬಾತನು, ಒಬ್ಬನ ಕಸುಬನ್ನು ಕಟ್ಟಿಹಾಕುವ ಇಂತಹ ಒಪ್ಪಂದವೇ ಸಲ್ಲದೆಂದು ಕೋಪದಿಂದ ನುಡಿದನು. ಮುಂದೆ 1711ರಲ್ಲಿ ರೊಟ್ಟಿ ಅಂಗಡಿಯೊಂದರ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯವು ಬಿಗಿಯನ್ನು ಸಡಿಲಿಸಿ, ಕಾಲ ಮತ್ತು ಸ್ಥಳಗಳಲ್ಲಿ ಮಿತವಾದ, ಸಕಾರಣವಾದ ನಿರ್ಬಂಧವನ್ನು ಒಪ್ಪಬಹುದೆಂದಿತು.

ಭಾರತದ ಶಾಸನವು ಈ ಸಡಿಲಿಕೆಯನ್ನು ಅನುಸರಿಸಲಿಲ್ಲ. 1872ರ ಕರಾರು ಕಾಯ್ದೆಯ 27ನೆಯ ಕಲಮು, ನ್ಯಾಯಸಮ್ಮತವಾದ ವೃತ್ತಿ, ವ್ಯಾಪಾರ ಅಥವಾ ವ್ಯವಹಾರವನ್ನು ನಡೆಸದಂತೆ ಯಾರನ್ನಾದರೂ ತಡೆಯುವ ಒಪ್ಪಂದವು ಆ ಮಟ್ಟಿಗೆ ಶೂನ್ಯವೆಂದು ಸಾರಿತು. ನ್ಯೂಯಾರ್ಕಿನ ಡೇವಿಡ್ ಡಡ್ಲಿ ಫೀಲ್ಡ್ ಸಿದ್ಧಪಡಿಸಿದ್ದ ಸಂಹಿತೆಯ ಕರಡು ಇದಕ್ಕೆ ಆಧಾರ. ಅಂಗಡಿಯ ಗುಡ್‌ವಿಲ್ಲನ್ನು ಮಾರಿದವನು ಅದೇ ನೆರೆಯಲ್ಲಿ ಸ್ಪರ್ಧೆಗೆ ನಿಲ್ಲುವುದಿಲ್ಲವೆಂದು ಒಪ್ಪಿಕೊಂಡರೆ ಅದಕ್ಕೆ ಮಾತ್ರ ವಿನಾಯಿತಿ. 1874ರಲ್ಲಿ ಕಲ್ಕತ್ತೆಯ ಹಿತ್ತಾಳೆ ಕೆಲಸದ ವ್ಯಾಪಾರಿಗಳಿಬ್ಬರ ವ್ಯಾಜ್ಯವು ಅಲ್ಲಿನ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಒಬ್ಬನು ಅಂಗಡಿ ಮುಚ್ಚಿದರೆ ಇನ್ನೊಬ್ಬನು ಹಣ ಕೊಡುವೆನೆಂದು ಒಪ್ಪಿದ್ದನು. ಅಂಗಡಿ ಮುಚ್ಚಿತು, ಹಣ ಬರಲಿಲ್ಲ. ಮುಖ್ಯ ನ್ಯಾಯಾಧೀಶ ಸರ್ ರಿಚರ್ಡ್ ಕೌಚ್ ಅವರು, ನಿರ್ಬಂಧವು ಒಂದೇ ಬಡಾವಣೆಗೆ ಸೀಮಿತವಾದರೂ ಒಪ್ಪಂದವು ಶೂನ್ಯವೇ ಎಂದು ತೀರ್ಪಿತ್ತರು. 1885ರಲ್ಲಿ ಚಹಾ ಕಂಪೆನಿಯೊಂದರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಸೇವೆ ಮುಗಿದ ಮೇಲೆ ಐದು ವರ್ಷ ಸುತ್ತಮುತ್ತ ಚಹಾ ಬೆಳೆಯಕೂಡದೆಂಬ ಶರತ್ತನ್ನೂ ಎತ್ತಿಹಿಡಿಯಲಿಲ್ಲ.

ಹಾಗಾದರೆ ಸಹಿಗೆ ಬೆಲೆಯೇ ಇಲ್ಲವೆ? ಇದೆ ಎಂಬುದನ್ನು 1967ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ತೋರಿಸುತ್ತದೆ. ಟೈರಿನ ನೂಲು ತಯಾರಿಸುವ ಕಾರ್ಖಾನೆಯ ಮೇಲ್ವಿಚಾರಕನೊಬ್ಬನು ಐದು ವರ್ಷದ ಕರಾರಿಗೆ ಒಪ್ಪಿ, ವಿದೇಶಿ ತಂತ್ರಜ್ಞಾನದ ತರಬೇತಿಯನ್ನು ಪಡೆದು, ಎರಡು ವರ್ಷ ತುಂಬುವ ಮೊದಲೇ ಪ್ರತಿಸ್ಪರ್ಧಿ ಕಾರ್ಖಾನೆಯನ್ನು ಸೇರಿದನು. ಕರಾರಿನ ಅವಧಿ ಮುಗಿಯುವವರೆಗೆ ಅವನು ಅದೇ ಬಗೆಯ ಕೆಲಸವನ್ನು ಬೇರೆಡೆ ಮಾಡದಂತೆ ತಡೆಯುವುದು ಸರಿಯೆಂದು ನ್ಯಾಯಾಲಯ ಹೇಳಿತು. 1980ರ ಇನ್ನೊಂದು ಪ್ರಕರಣದಲ್ಲಿ ಕಂಪೆನಿಯೇ ತೆಗೆದುಹಾಕಿದ ನೌಕರನನ್ನು ಎರಡು ವರ್ಷ ಸ್ಪರ್ಧೆಯಿಂದ ತಡೆಯಲು ಅದು ಒಪ್ಪಲಿಲ್ಲ. ‘ಬಿಟ್ಟುಹೋದರೆ’ ಎಂಬ ಮಾತು ಸ್ವೇಚ್ಛೆಯಿಂದ ಬಿಟ್ಟವನಿಗಷ್ಟೇ ಅನ್ವಯಿಸುತ್ತದೆಂದು ಇಬ್ಬರು ನ್ಯಾಯಮೂರ್ತಿಗಳು ಹೇಳಿದರು. ಶರತ್ತೇ 27ನೆಯ ಕಲಮಿನ ಪ್ರಕಾರ ಶೂನ್ಯವೆಂದು ನ್ಯಾಯಮೂರ್ತಿ ಎ. ಪಿ. ಸೇನ್ ಬರೆದರು.

ಇತ್ತೀಚಿನ ದೃಷ್ಟಾಂತ ನಮ್ಮ ನಾಡಿನದೇ. 1931ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಗಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕು, ಮೂರು ವರ್ಷದೊಳಗೆ ಬಿಡುವ ಅಧಿಕಾರಿಯು 2 ಲಕ್ಷ ರೂಪಾಯಿ ತೆರಬೇಕೆಂದು ಶರತ್ತು ಹಾಕಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅಧಿಕಾರಿಗೆ ಜಯವಾಯಿತು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಬದಲಿಸಿ ಶರತ್ತನ್ನು ಎತ್ತಿಹಿಡಿಯಿತು. ಬೇರೆಡೆ ದುಡಿಯಕೂಡದೆಂದು ಆ ಶರತ್ತು ತಡೆಯುವುದಿಲ್ಲ. ಅಕಾಲದಲ್ಲಿ ಬಿಡುವುದಕ್ಕೆ ಬೆಲೆ ಕಟ್ಟುತ್ತದೆ, ಅಷ್ಟೆ.

ಇಷ್ಟನ್ನು ಒಟ್ಟಾಗಿ ನೋಡಿದರೆ ಒಂದು ವಿವೇಕ ಕಾಣುತ್ತದೆ. ಒಪ್ಪಿದ ಕಾಲವು ಋಣ. ಅದನ್ನು ಸಲ್ಲಿಸಬೇಕು, ಸಲ್ಲಿಸಲಾಗದಿದ್ದರೆ ಕರಾರಿನಂತೆ ನೋಟಿಸಿನ ಸಂಬಳವನ್ನು ಕಟ್ಟಿ ತೀರಿಸಬೇಕು. ಧಣಿಯ ಗುಟ್ಟು, ಲೆಕ್ಕಪತ್ರ, ಗಿರಾಕಿಗಳ ಪಟ್ಟಿ ಇವೆಲ್ಲ ನಂಬಿ ಇರಿಸಿದ ನ್ಯಾಸ. ನ್ಯಾಸವನ್ನು ಅಪಹರಿಸುವುದನ್ನೂ ಗುಟ್ಟನ್ನು ಹೊರಗೆಡಹುವುದನ್ನೂ ನಮ್ಮ ಹಿರಿಯರು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಈ ಹೊಣೆ ಕೆಲಸ ಬಿಟ್ಟ ದಿನಕ್ಕೆ ಮುಗಿಯುವುದಿಲ್ಲ. ಆದರೆ ದುಡಿದು ಕಲಿತ ಕೈಚಳಕ ಮತ್ತು ಬುದ್ಧಿ ಅವನದೇ ಸೊತ್ತು. ಅದನ್ನು ಯಾರಲ್ಲಿಯೂ ಒತ್ತೆಯಿಡಲಾಗದು.

ಪರಿಚಿತರಿಗೆ ನಾನು ಹೇಳಿದ್ದು ಇಷ್ಟು. ಹುಡುಗ ರಾಜೀನಾಮೆಯನ್ನು ಬರಹದಲ್ಲಿ, ದಿನಾಂಕ ಸಹಿತ ಕೊಡಲಿ. ಮೂರು ತಿಂಗಳು ಮನಸ್ಸಿಟ್ಟು ದುಡಿಯಲಿ. ಬೇಗ ಹೊರಡಬೇಕಾದರೆ ಕೇಳಿ ಒಪ್ಪಿಗೆ ಪಡೆಯಲಿ. ಕಡತಗಳನ್ನು ಒಪ್ಪಿಸಿ ರಸೀದಿ ಪಡೆಯಲಿ; ಒಂದು ಹಾಳೆಯನ್ನೂ ಪ್ರತಿ ಮಾಡಿಕೊಳ್ಳದಿರಲಿ. ಒಂದು ವರ್ಷದ ನಿರ್ಬಂಧವನ್ನು ಪಾಲಿಸಲಾಗದೆಂಬುದನ್ನು ಮುಚ್ಚಿಡದೆ, ವಿನಯದಿಂದ, ಕಾರಣ ಸಹಿತ ತಿಳಿಸಲಿ. ನ್ಯಾಯವು ಶೂನ್ಯವೆಂದ ಶರತ್ತನ್ನು ಪಾಲಿಸದಿರುವುದು ಅಸತ್ಯವಲ್ಲ. ಪಾಲಿಸುವೆನೆಂದು ನಂಬಿಸಿ ಕದ್ದು ಹೋಗುವುದು ಅಸತ್ಯ.

ನಮ್ಮಲ್ಲಿ ಅಂಗಡಿ, ಗಿರಣಿ, ಕಾರ್ಖಾನೆಗಳನ್ನು ನಡೆಸುವವರು ಅನೇಕರಿದ್ದಾರೆ. ಅವರಿಗೂ ಒಂದು ಮಾತು. ಮೂರು ತಿಂಗಳ ನೋಟಿಸು ಬೇಡುವ ಯಜಮಾನನು ತಾನು ಕೆಲಸದಿಂದ ತೆಗೆಯುವಾಗ ಮೂರು ದಿನವನ್ನಾದರೂ ಕೊಡುತ್ತಾನೆಯೆ? 1946ರ ನಿಯಮಗಳ ಮಾದರಿ ಸ್ಥಾಯೀ ಆದೇಶಗಳಲ್ಲಿ, ತಿಂಗಳ ಸಂಬಳದ ಖಾಯಂ ಕಾರ್ಮಿಕನ ವಿಷಯದಲ್ಲಿ ಎರಡು ಕಡೆಗೂ ಒಂದೇ ತಿಂಗಳ ನೋಟಿಸನ್ನು ವಿಧಿಸಲಾಗಿತ್ತು. ಬಿಡಿಸುವವನೂ ತೆರಬೇಕೆಂದ ಸ್ಮೃತಿಯ ನ್ಯಾಯವು ಶತಮಾನಗಳ ತರುವಾಯ ಅಲ್ಲಿ ಮರಳಿ ಬಂದಿತ್ತು. ಕರಾರು ಬರೆಯುವ ಲೇಖನಿ ಯಜಮಾನನ ಕೈಯಲ್ಲಿರುವುದರಿಂದ, ಅದನ್ನು ಸಮವಾಗಿ ಬರೆಯುವ ಧರ್ಮವೂ ಮೊದಲು ಅವನದೇ.